ಕಪ್ಪು ಹಿಡಿದ ಹಳೇ ಬೆಳ್ಳಿ ರೂಪಾಯಿಗಳು: ಮನೆಯಲ್ಲೇ ತೊಳೆಯಬಹುದೇ?

ಕಾಸಿನಪೆಟ್ಟಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದೇವರ ಪೆಟ್ಟಿಗೆಯಲ್ಲಿದ್ದ ಹಳೇ ರೂಪಾಯಿಗಳ ಬಗ್ಗೆ ಸಲಹೆ ಬೇಕು. ಇರುವುದು ಇಷ್ಟು: ವಿಕ್ಟೋರಿಯಾ 1862 ಎರಡು, 1901 ಮೂರು, ಎಡ್ವರ್ಡ್ 1907 ಎರಡು, ಐದನೇ ಜಾರ್ಜ್ 1918 ಮತ್ತು 1919 ಸೇರಿ ನಾಲ್ಕು, ಆರನೇ ಜಾರ್ಜ್ 1944 ಎರಡು, 1947ರದ್ದು ಒಂದು.

ಬಹುಪಾಲು ಕಪ್ಪಾಗಿವೆ. ಲಕ್ಷ್ಮೀಪೂಜೆಗೆ ಇಡುತ್ತಿದ್ದರಿಂದ ಅಕ್ಷರಗಳ ಸಂದಿಯಲ್ಲಿ ಕುಂಕುಮ, ಎಣ್ಣೆ ಗಟ್ಟಿಯಾಗಿ ಕೂತಿದೆ. ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿ ಹಾಕಿಟ್ಟಿದ್ದ ಎರಡು ನಾಣ್ಯಗಳ ಮೇಲೆ ಹಸಿರು ಅಂಟು ಬಂದಿದೆ. ಒಂದು 1901ರದ್ದಕ್ಕೆ ಸರಕ್ಕೆ ಹಾಕಲು ಕೊಂಡಿ ಬೆಸೆದಿದ್ದಾರೆ.

ಫಾಯಿಲ್ ಮತ್ತು ಅಡುಗೆ ಸೋಡಾ ಹಾಕಿ ಅಂತ ಒಬ್ಬರು, ಹುಣಸೆಹಣ್ಣು ಅಂತ ಒಬ್ಬರು, ಕೋಲ್ಗೇಟ್ ಪುಡಿ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? ಕೆಲವನ್ನು ಪೂಜೆಗೇ ಇಟ್ಟುಕೊಂಡು ಉಳಿದದ್ದನ್ನು ಸಂಗ್ರಹವಾಗಿ ಇಡುವ ಯೋಚನೆ.

---

ತೊಲೆಲೆಕ್ಕ ಉತ್ತರ:

ಮೊದಲು ನಾಣ್ಯಗಳನ್ನು ಬೇರೆ ಬೇರೆ ಮಾಡಿ. ಎಲ್ಲಕ್ಕೂ ಒಂದೇ ಮದ್ದು ಹಾಕಿದರೆ ಕೆಡುವುದು ಅಲ್ಲೇ.

1862ರಿಂದ 1919ರವರೆಗಿನವು 91.7 ಶೇಕಡಾ ಬೆಳ್ಳಿ, ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲೆ. 1944ರದ್ದೂ ಅಷ್ಟೇ ತೂಗುತ್ತದೆ, ಆದರೆ ಅದರಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ. 40 ಶೇಕಡಾ ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತ ಹಿಡಿದು ನೋಡಿ, ಟಪ್ಪಂತ ಅಂಟಿಕೊಳ್ಳುತ್ತದೆ. ಅದಕ್ಕೆ ಸೋಪು ನೀರು ಸಾಕು, ಈ ಚರ್ಚೆಯಿಂದ ಅದನ್ನು ಬಿಟ್ಟುಬಿಡಿ. ಹಳೆಯವುಗಳಲ್ಲಿ ಯಾವುದಾದರೂ ಅಯಸ್ಕಾಂತಕ್ಕೆ ಅಂಟಿದರೆ ಅದು ನಕಲಿ.

ನಿಮ್ಮ 1862ರ ಎರಡನ್ನು ದಯವಿಟ್ಟು ಯಾವ ಪುಡಿಯಿಂದಲೂ ತಿಕ್ಕಬೇಡಿ. 1862 ಅಂತ ಇದ್ದ ಮಾತ್ರಕ್ಕೆ ಆ ವರ್ಷವೇ ಟಂಕಿಸಿದ್ದು ಅಂತ ಅಲ್ಲ. 1874ರವರೆಗೂ ಅದೇ ಇಸವಿ ಹಾಕಿ ಹೊಡೆದಿದ್ದಾರೆ. ಹಿಂಬದಿಯಲ್ಲಿ ಇಸವಿಯ ಮೇಲೆ, ಕೆಳಗೆ ಇರುವ ಸಣ್ಣ ಚುಕ್ಕೆಗಳನ್ನು ಎಣಿಸಿಯೇ ಸಂಗ್ರಾಹಕರು ಬಗೆ ಗುರುತಿಸುವುದು. ಚುಕ್ಕೆ ಸಾಸಿವೆಗಿಂತಲೂ ಚಿಕ್ಕದು. ವರ್ಷಕ್ಕೊಮ್ಮೆ ಪುಡಿ ಹಾಕಿ ಉಜ್ಜುತ್ತಾ ಬಂದರೆ ಮೊದಲು ಹೋಗುವುದು ಅದೇ. ಐದನೇ ಜಾರ್ಜ್ ರೂಪಾಯಿಗಳಲ್ಲೂ ಮುಂಬೈ ಟಂಕಸಾಲೆಯ ಗುರುತು ಇಸವಿಯ ಕೆಳಗಿನ ಹೂವಿನಲ್ಲಿರುವ ಒಂದು ಚುಕ್ಕೆ. ಚುಕ್ಕೆ ಇಲ್ಲದಿದ್ದರೆ ಕಲ್ಕತ್ತಾದ್ದು.

ಇನ್ನು ಕಪ್ಪಿನ ವಿಷಯ. ಅದು ಕೊಳೆಯಲ್ಲ, ತುಕ್ಕೂ ಅಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದ ಜೊತೆ ಬೆಳ್ಳಿ ಸೇರಿ ಆದ ಸಿಲ್ವರ್ ಸಲ್ಫೈಡ್. ಪದರ ತೆಳ್ಳಗಿದ್ದಾಗ ಹಳದಿ, ಆಮೇಲೆ ಕಂದು, ನೇರಳೆ, ನೀಲಿ, ದಪ್ಪವಾದಾಗ ಕಪ್ಪು. ಅದನ್ನು ತೆಗೆಯುವುದೆಂದರೆ ನಾಣ್ಯದ್ದೇ ಮೇಲ್ಪದರಕ್ಕೆ ಕೈ ಹಾಕಿದಂತೆ. ಕೊಳೆ ತೆಗೆಯುವುದಕ್ಕೆ ನನ್ನ ಆಕ್ಷೇಪವಿಲ್ಲ, ಕಪ್ಪು ತೆಗೆಯುವುದಕ್ಕೆ ಇದೆ. ಸಮವಾಗಿ ಕಪ್ಪಾದ ವಿಕ್ಟೋರಿಯಾಗೆ ಒಳ್ಳೆಯ ಬೆಲೆ ಕೊಡುವವರು, ಬೆಳ್ಳಗೆ ತಿಕ್ಕಿದ್ದನ್ನು ತಕ್ಕಡಿಗೆ ಹಾಕಿ ಬೆಳ್ಳಿ ರೇಟು ಹೇಳುತ್ತಾರೆ.

---

ಗಾಜಿನಬಟ್ಟಲು ಉತ್ತರ:

ತೊಲೆಲೆಕ್ಕ ಅವರು ಹೇಳಿದ ವಿಂಗಡಣೆ ಸರಿ. ಕೊಳೆ ತೆಗೆಯುವ ಕ್ರಮ ಬರೆಯುತ್ತೇನೆ. ಇದನ್ನು ಯಾವ ಬೆಳ್ಳಿ ನಾಣ್ಯಕ್ಕೆ ಮಾಡಿದರೂ ಹಾನಿಯಿಲ್ಲ.

ಬೇಕಾದದ್ದು: ಎರಡು ಗಾಜಿನ ಬಟ್ಟಲು, ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, 200 ಮಿಲಿ ಶುದ್ಧ ಅಸಿಟೋನ್, ಬಿದಿರಿನ ಹಲ್ಲುಕಡ್ಡಿ, ಮೆತ್ತನೆ ಹತ್ತಿ ಬಟ್ಟೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಕ್ಯಾನಿನ ಮೇಲೆ ಬರೆದದ್ದನ್ನು ಓದಿ ತನ್ನಿ, ಪಕ್ಕದಲ್ಲೇ ಇರುವ ಬ್ಯಾಟರಿ ಆ್ಯಸಿಡ್ ಅಲ್ಲ. ಅಸಿಟೋನ್ ಕೆಮಿಕಲ್ ಅಂಗಡಿಯದ್ದೇ ಬೇಕು. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಎಣ್ಣೆ, ಬಣ್ಣ, ಸುವಾಸನೆ ಬೆರೆಸಿರುತ್ತಾರೆ, ಅವೆಲ್ಲ ನಾಣ್ಯದ ಮೇಲೆ ಉಳಿಯುತ್ತವೆ.

ಮೊದಲು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ನಾಣ್ಯಗಳನ್ನು ಒಂದರ ಮೇಲೊಂದು ಬೀಳದಂತೆ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಧೂಳು, ಮೇಲಿನ ಎಣ್ಣೆ ಬಿಡುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಒರೆಸಬೇಡಿ. ನೀರಿನಂಶ ಪೂರ್ತಿ ಹೋದ ಮೇಲೆ ಅಸಿಟೋನಿಗೆ ಹಾಕಿ.

ಗಟ್ಟಿಯಾದ ಎಣ್ಣೆ ಮತ್ತು ಅರಿಶಿನದ ಬಣ್ಣ ನೀರಿಗೆ ಜಗ್ಗುವುದಿಲ್ಲ, ಅಸಿಟೋನಿಗೆ ಕರಗುತ್ತವೆ. ನಾಣ್ಯ ಮುಳುಗುವಷ್ಟು ಹಾಕಿ, ಗಾಜಿನ ತಟ್ಟೆ ಮುಚ್ಚಿ, ಅರ್ಧ ಗಂಟೆ ಬಿಡಿ. ಅಸಿಟೋನ್ ಕೆಂಪಗೋ ಹಳದಿಯೋ ಆದರೆ ಚೆಲ್ಲಿ ಹೊಸದು ಹಾಕಿ. ಅಕ್ಷರದ ಸಂದಿಯಲ್ಲಿ ಕೂತ ಕುಂಕುಮದ ಉಂಡೆ ಆಗ ಮೆತ್ತಗಾಗಿರುತ್ತದೆ. ನಾಣ್ಯ ಅಸಿಟೋನಿನಲ್ಲಿ ಇರುವಾಗಲೇ ಹಲ್ಲುಕಡ್ಡಿಯ ತುದಿಯಿಂದ ಎಬ್ಬಿಸಿ, ಬಯಲಿನ ಜಾಗಕ್ಕೆ ಎಳೆಯಬೇಡಿ. ಸೂಜಿ, ಸೇಫ್ಟಿಪಿನ್ನು ಮುಟ್ಟಲೇಬಾರದು. ಕೊನೆಗೆ ಎರಡನೇ ಬಟ್ಟಲಿನ ಹೊಸ ಅಸಿಟೋನಿನಲ್ಲಿ ಒಮ್ಮೆ ಅದ್ದಿ ತೆಗೆದರೆ ತಾನೇ ಒಣಗುತ್ತದೆ.

ಪ್ಲಾಸ್ಟಿಕ್ ಆಲ್ಬಮ್ಮಿನ ಹಸಿರು ಅಂಟು ಪಿವಿಸಿಯಿಂದ ಬಂದದ್ದು. ಪ್ಲಾಸ್ಟಿಕ್ ಮೆತ್ತಗಿರಲು ಬೆರೆಸಿದ ಎಣ್ಣೆಯಂಥ ಪದಾರ್ಥ ಒಸರುತ್ತದೆ, ಪಿವಿಸಿ ಒಡೆದಾಗ ಹೊರಬರುವ ಆಮ್ಲ ನಾಣ್ಯದ ತಾಮ್ರವನ್ನು ತಿನ್ನುತ್ತದೆ. ಅದನ್ನು ಹಾಗೇ ಬಿಟ್ಟರೆ ಕೊರೆಯುತ್ತಲೇ ಹೋಗುತ್ತದೆ, ಹಾಗಾಗಿ ನಿಮ್ಮ ಕೆಲಸ ಆ ಎರಡರಿಂದ ಶುರುವಾಗಲಿ. ರಾತ್ರಿಯಿಡೀ ಅಸಿಟೋನಿನಲ್ಲಿಟ್ಟು, ಬೆಳಿಗ್ಗೆ ಬದಲಿಸಿ ಮತ್ತೆರಡು ಗಂಟೆ. ಅಂಟು ಹೋದ ಮೇಲೂ ಗಟ್ಟಿ ಹಸಿರು ಉಳಿದರೆ ಅದು ಕಿಲುಬು. ಅಸಿಟೋನ್ ಅದನ್ನು ತೆಗೆಯುವುದಿಲ್ಲ, ಕೆರೆಯಲು ಹೋದರೆ ಕೆಳಗೆ ಗುಳಿ ಕಾಣುತ್ತದೆ.

ಒಲೆ, ದೀಪ, ಊದುಬತ್ತಿ ಹತ್ತಿರ ಅಸಿಟೋನ್ ತೆರೆಯಬೇಡಿ. ಅದರ ಆವಿ ನೆಲಮಟ್ಟದಲ್ಲೇ ಹರಿದು ಹೋಗಿ ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಅಡುಗೆಮನೆ, ದೇವರಮನೆ ಎರಡೂ ಬೇಡ, ಬಾಲ್ಕನಿ ಸರಿ.

---

ಸೋಡಾಪಾಕ ಉತ್ತರ:

ಪೂಜೆಗೆ ಇಡುವ ನಾಣ್ಯ ಬೆಳ್ಳಗಿರಲಿ ಅನ್ನುವುದರಲ್ಲಿ ತಪ್ಪೇನಿಲ್ಲ, ತೊಲೆಲೆಕ್ಕ ಸರ್. ಸವೆದ 1918, 1919 ಹೇರಳವಾಗಿ ಸಿಗುತ್ತವೆ. ಅವಕ್ಕೆ ಫಾಯಿಲ್ ವಿಧಾನ ಮಾಡಲಿ. ತಿಕ್ಕುವುದಕ್ಕಿಂತ ಅದು ಎಷ್ಟೋ ಮೇಲು, ಯಾಕೆಂದರೆ ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುತ್ತದೆ, ಬೆಳ್ಳಿ ನಾಣ್ಯದ ಮೇಲೇ ಉಳಿಯುತ್ತದೆ.

ಗಾಜಿನ ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ. ಅರ್ಧ ಲೀಟರ್ ನೀರು ಕುದಿಸಿ ಇಳಿಸಿ, ಒಂದು ದೊಡ್ಡ ಚಮಚ ಅಡುಗೆ ಸೋಡಾ ಸ್ವಲ್ಪಸ್ವಲ್ಪವಾಗಿ ಹಾಕಿ, ಒಟ್ಟಿಗೆ ಸುರಿದರೆ ನೊರೆ ಉಕ್ಕುತ್ತದೆ. ನಾಣ್ಯ ಫಾಯಿಲ್‌ಗೆ ತಾಗಿಕೊಂಡೇ ಕೂರಬೇಕು. ಅಲ್ಯೂಮಿನಿಯಂನಿಂದ ಬೆಳ್ಳಿಗೆ ವಿದ್ಯುತ್ತು ಹರಿದರೆ ಮಾತ್ರ ಕೆಲಸ ಆಗುವುದು. ಮೂವತ್ತು ಸೆಕೆಂಡಿಗೆ ಮರದ ಇಕ್ಕಳದಿಂದ ಮಗುಚಿ, ಇನ್ನು ಮೂವತ್ತು ಸೆಕೆಂಡು, ತೆಗೆದು ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಂಧಕ ಬಿಡುತ್ತಿದೆ ಅಂತ ಅರ್ಥ. ಕಿಟಕಿ ತೆಗೆದಿಡಿ. ಮತ್ತೆ ಬೇಕಾದರೆ ಹೊಸ ಫಾಯಿಲ್, ಹೊಸ ನೀರು. ಕಪ್ಪಾದ ಫಾಯಿಲ್ ನಿಧಾನ.

ಕೆಡುವುದು ಎಲ್ಲಿ ಅಂದರೆ:

ಎಣ್ಣೆ ಇದ್ದ ಕಡೆ ಸೋಡಾ ನೀರು ತಾಗದೆ ಚಿರತೆ ಮೈಯಂತೆ ಮಚ್ಚೆ ಮಚ್ಚೆ ಆಗುತ್ತದೆ. ಹಾಗಾಗಿ ಅಸಿಟೋನ್ ಮೊದಲು, ಫಾಯಿಲ್ ಆಮೇಲೆ. ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ಒಣಗಿದ ಮೇಲೆ ಬಿಳಿ ಕಲೆ. ಕೊನೆಯ ಎರಡು ಜಾಲಿಕೆ ಡಿಸ್ಟಿಲ್ಡ್ ವಾಟರಿನಲ್ಲೇ ಆಗಲಿ. ಕಪ್ಪು ತುಂಬಾ ದಪ್ಪವಿದ್ದರೆ ನಾಣ್ಯ ಹೊಳೆಯುವುದಿಲ್ಲ, ಸುಣ್ಣ ಬಳಿದಂತೆ ಮಂಕು ಬಿಳಿಯಾಗುತ್ತದೆ. ಮರಳಿದ ಬೆಳ್ಳಿ ಮೊದಲಿನಂತೆ ಒತ್ತಾಗಿ ಕೂರದೆ ಸಣ್ಣ ಕಣಗಳಾಗಿ ಕೂರುವುದರಿಂದ ಹಾಗೆ. ಅಂಥ ಮೈ ಮತ್ತೆ ಬೇಗ ಕಪ್ಪಾಗುತ್ತದೆ ಕೂಡ.

1944ರವನ್ನು ಇದಕ್ಕೆ ಹಾಕಬೇಡಿ. ತಾಮ್ರ ಜಾಸ್ತಿ ಇರುವ ಮಿಶ್ರಲೋಹ, ಕಪ್ಪು ಹೋದ ಜಾಗದಲ್ಲಿ ಕೆಂಚು ಛಾಯೆ ಕಂಡು ಮೊದಲಿಗಿಂತ ಅಸಹ್ಯವಾಗಬಹುದು.

---

ತೊಲೆಲೆಕ್ಕ ಉತ್ತರ:

ಪೂಜೆಯ 1918, 1919ಕ್ಕೆ ಒಪ್ಪಿದೆ. ಉಳಿದವಕ್ಕೆ ಇಲ್ಲ.

ಹುಣಸೆಹಣ್ಣಿನ ಮಾತು ಬಿಟ್ಟುಹೋಯಿತು. ಅದರ ಹುಳಿ ತಾಮ್ರ, ಹಿತ್ತಾಳೆಯ ಕಿಲುಬನ್ನು ಕರಗಿಸುತ್ತದೆ, ಬೆಳ್ಳಿಯ ಮೇಲಿನ ಸಲ್ಫೈಡನ್ನು ಕರಗಿಸುವುದಿಲ್ಲ. ಹುಣಸೆಹಣ್ಣಿಗೆ ಬೆಳ್ಳಗಾಯಿತು ಅನ್ನುವವರ ನಾಣ್ಯ ಬೆಳ್ಳಗಾಗಿರುವುದು ಬೆರಳಿನ ಉಜ್ಜಾಟಕ್ಕೆ. ವಿಭೂತಿ, ಹಲ್ಲುಪುಡಿ, ಟೂತ್‌ಪೇಸ್ಟ್, ಪಾತ್ರೆ ಪುಡಿ ಎಲ್ಲವೂ ಅರೆಯುವ ಕಣಗಳೇ. ಬೆಳ್ಳಿ ಮೆದು ಲೋಹ, ಗೀರು ಬೀಳುತ್ತದೆ.

ಗೀರು ನೋಡುವ ಬಗೆ: ಕೋಣೆಯಲ್ಲಿ ಒಂದೇ ಬಲ್ಬು ಹಾಕಿ, ನಾಣ್ಯದ ಅಂಚು ಹಿಡಿದು ನಿಧಾನ ಓರೆ ಮಾಡಿ. ಸವೆಯದ, ತಿಕ್ಕದ ನಾಣ್ಯದಲ್ಲಿ ಬೆಳಕಿನ ಪಟ್ಟಿಯೊಂದು ನಡುವಿನಿಂದ ಅಂಚಿನವರೆಗೆ ಎದ್ದು, ಓರೆ ಮಾಡಿದಂತೆ ಗಿರ್ರನೆ ಸುತ್ತುತ್ತದೆ. ತಿಕ್ಕಿದ್ದರಲ್ಲಿ ಆ ಪಟ್ಟಿ ಇರುವುದಿಲ್ಲ. ರಾಣಿಯ ಮುಖದ ಮುಂದಿನ ಖಾಲಿ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಹೊಳೆಯುತ್ತವೆ, ಅಕ್ಷರದ ಬುಡದಲ್ಲಿ ಮಾತ್ರ ಕಪ್ಪು ಗೆರೆ ಉಳಿದಿರುತ್ತದೆ. ವ್ಯಾಪಾರಿಗೆ ಇದನ್ನು ನೋಡಲು ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಕೂಡ ಬೇಡ.

ಅಕ್ಕಸಾಲಿಗರ ಹತ್ತಿರವೂ ಕೊಡಬೇಡಿ. ಅವರು ಒಡವೆಗೆ ಮಾಡುವ ಹಾಗೆ ಆ್ಯಸಿಡ್ಡಿಗೆ ಅದ್ದಿ, ಅಂಟುವಾಳದ ನೊರೆ ಹಾಕಿ ಹಿತ್ತಾಳೆ ಬ್ರಷ್ಷಿನಲ್ಲಿ ಉಜ್ಜಿ ಕೊಡುತ್ತಾರೆ. ಕಾಲುಗೆಜ್ಜೆಗೆ ಸರಿ.

---

ಕಾಸಿನಪೆಟ್ಟಿಗೆ ಉತ್ತರ:

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಸಿಲ್ವರ್ ಡಿಪ್ ದ್ರಾವಣ ಹೇಗೆ? ಕೊಂಡಿ ಬೆಸೆದ 1901ಕ್ಕೆ ಏನು ಮಾಡಲಿ?

---

ಗಾಜಿನಬಟ್ಟಲು ಉತ್ತರ:

ಡಿಪ್‌ನಲ್ಲಿ ಇರುವುದು ಸಾಮಾನ್ಯವಾಗಿ ಥಯೋಯೂರಿಯ ಮತ್ತು ಆಮ್ಲ. ಅದು ಸಲ್ಫೈಡ್ ಪದರವನ್ನು ಕರಗಿಸಿಯೇ ಒಯ್ಯುತ್ತದೆ, ಫಾಯಿಲ್‌ನಂತೆ ಬೆಳ್ಳಿ ಮರಳುವುದಿಲ್ಲ. ಬಳಸಲೇಬೇಕೆಂದರೆ ಸಮಪಾಲು ನೀರು ಬೆರೆಸಿ, ಗ್ಲೌಸ್ ಹಾಕಿ, ಮೂರರಿಂದ ಐದು ಸೆಕೆಂಡು ಅದ್ದಿ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಬೇಕು. ಸಂದಿಯಲ್ಲಿ ದ್ರಾವಣ ಉಳಿದರೆ ಕೆಲವೇ ತಿಂಗಳಲ್ಲಿ ಹಳದಿ ಮಚ್ಚೆ ಏಳುತ್ತದೆ. ನಿಮ್ಮ ಸವೆದ ನಾಣ್ಯಗಳಿಗೆ ಇದರ ಅಗತ್ಯ ಕಾಣುವುದಿಲ್ಲ.

ಕೊಂಡಿಯದ್ದನ್ನು ಹಾಗೇ ಬಿಡಿ. ಬೆಸುಗೆ ಬಿಚ್ಚಲು ಕಾಯಿಸಿದರೆ ಅಂಚು ಕರಗಿ ಕಚ್ಚು ಬೀಳುತ್ತದೆ, ಕಾದ ಭಾಗ ಬಣ್ಣಗೆಡುತ್ತದೆ. ಅರೆದು ತೆಗೆದರೆ ಅಂಚಿನ ಗೆರೆಗಳು ಹೋಗುತ್ತವೆ. ಸಂಗ್ರಹದ ದೃಷ್ಟಿಯಿಂದ ಕೊಂಡಿ ಬೆಸೆದಾಗಲೇ ಅದರ ಬೆಲೆ ಬಿದ್ದಾಗಿದೆ, ಆದ್ದರಿಂದ ಪೂಜೆಗೆ ಅದೇ ಮೊದಲ ಆಯ್ಕೆ. ಫಾಯಿಲ್‌ಗೆ ಹಾಕಿದರೆ ಬೆಸುಗೆಯ ಸುತ್ತ ಬೇರೆ ಬಣ್ಣ ಉಳಿಯಬಹುದು, ಅದು ಬೇರೆ ಲೋಹ.

ಇಡುವ ವಿಷಯಕ್ಕೆ ಹೆಚ್ಚು ಗಮನ ಕೊಡಿ. ಪಿವಿಸಿ ಆಲ್ಬಮ್ ಎಸೆಯಿರಿ. ಹೊಸ ಪ್ಲಾಸ್ಟಿಕ್ ಚೀಲದ ವಾಸನೆಯುಳ್ಳ, ಬಳುಕುವ ಹಾಳೆಗಳೆಲ್ಲ ಅನುಮಾನದವೇ. ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್ ಅಥವಾ ಗಟ್ಟಿ ಪಾರದರ್ಶಕ ಕ್ಯಾಪ್ಸೂಲ್ ಒಳ್ಳೆಯದು. ಕ್ಯಾಪ್ಸೂಲಿನ ಒಳ ಅಳತೆ ಸರಿಯಿರಲಿ, ಈ ಬೆಳ್ಳಿ ರೂಪಾಯಿಗಳ ವ್ಯಾಸ ಸುಮಾರು 30.5 ಮಿಮೀ. ರಟ್ಟಿನದ್ದರಿಂದ ನಾಣ್ಯ ತೆಗೆಯುವಾಗ ಪಿನ್ನುಗಳನ್ನು ಪೂರ್ತಿ ಕಿತ್ತ ಮೇಲೆ ತೆಗೆಯಿರಿ, ಅರ್ಧ ಬಿಚ್ಚಿ ಎಳೆದರೆ ರಾಣಿಯ ಕೆನ್ನೆಗೇ ಗೀರು.

ರಬ್ಬರ್ ಬ್ಯಾಂಡ್ ಹತ್ತಿರವೂ ಇರಬಾರದು, ಅದರಲ್ಲಿ ಗಂಧಕ ಇದೆ. ಉಣ್ಣೆಬಟ್ಟೆ, ನ್ಯೂಸ್ ಪೇಪರ್, ಮರದ ಪೆಟ್ಟಿಗೆಯೂ ಬೇಡ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಿರಬೇಕು.

---

ಸೋಡಾಪಾಕ ಉತ್ತರ:

ಒಂದು ಸೇರಿಸುತ್ತೇನೆ. ಪೂಜೆಯ ನಾಣ್ಯಕ್ಕೆ ಅರಿಶಿನ ಕುಂಕುಮ ನೇರ ಹಚ್ಚದೆ, ತಟ್ಟೆಯ ಮೇಲೆ ವೀಳ್ಯದೆಲೆ ಇಟ್ಟು ಅದರ ಮೇಲೆ ನಾಣ್ಯ, ಪಕ್ಕದಲ್ಲಿ ಕುಂಕುಮ ಇಟ್ಟರೆ ಆಯಿತು. ಹಾಲು, ಪಂಚಾಮೃತದ ಅಭಿಷೇಕ ಇದ್ದರೆ ಅದೇ ದಿನ ಸೋಪು ನೀರಿನಲ್ಲಿ ತೊಳೆದು ಒತ್ತಿ ಒಣಗಿಸಿ ಒಳಗಿಡಿ.

ಓದುತ್ತಿರುವ ಬೇರೆಯವರಿಗೆ: ನೆಲ ಅಗೆದಾಗ ಸಿಕ್ಕ ನಾಣ್ಯಕ್ಕೆ ಮೇಲಿನ ಯಾವುದನ್ನೂ ಮಾಡಬೇಡಿ. ಮಣ್ಣಿನ ಉಪ್ಪಿನಿಂದ ಅದರ ಮೇಲೆ ಕಟ್ಟುವುದು ಸಿಲ್ವರ್ ಕ್ಲೋರೈಡ್, ಬೂದು ನೇರಳೆ ಬಣ್ಣದ ಗಟ್ಟಿ ತೊಗಟೆ. ಅಕ್ಷರಗಳು ಆ ತೊಗಟೆಯಲ್ಲೇ ಉಳಿದಿರುತ್ತವೆ, ಅದು ಹೋದರೆ ಅವೂ ಹೋದವು. 1878ರ ನಿಧಿ ಕಾಯಿದೆ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂಬುದೂ ನೆನಪಿರಲಿ.

---

ತೊಲೆಲೆಕ್ಕ ಉತ್ತರ:

ಕಾಸಿನಪೆಟ್ಟಿಗೆ ಅವರೇ, ಅಸಿಟೋನ್ ಸ್ನಾನ ಆದ ಮೇಲೆ ಆ 1862ರ ಎರಡರ ಹಿಂಬದಿ ಫೋಟೋ ಹಾಕಿ, ಇಸವಿಯ ಜಾಗ ಹತ್ತಿರದಿಂದ ಕಾಣುವಂತೆ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಪಕ್ಕದಿಂದ ಬೀಳಲಿ. ಚುಕ್ಕೆ ಎಣಿಸೋಣ.