ಸಹಾಯ ಬೇಕು: ಕ್ರಿಟಾದಲ್ಲಿ ಒಂದೇ ಬಣ್ಣದ 9 ಛಾಯೆ

ಎಲ್ಲರಿಗೂ ಚಿತ್ರದುರ್ಗದಿಂದ ನಮಸ್ಕಾರ. ಕೋಟೆಯಲ್ಲಿ ಓಬವ್ವನ ಕಿಂಡಿ ಹತ್ತಿರದ ಬಂಡೆಗಳನ್ನು ಕ್ರಿಟಾ ಅನ್ನೋ ಚಿತ್ರ ಬಿಡಿಸೋ ತಂತ್ರಾಂಶದಲ್ಲಿ ಬಿಡಿಸ್ತಿದ್ದೀನಿ. ಬಂಡೆಯ ಒಂದು ಕಂದು ಬಣ್ಣ ಹಿಡಿದು, ಕಡು ನೆರಳಿನಿಂದ ಸುಡುಬಿಸಿಲಿನವರೆಗೆ 9 ಛಾಯೆ ಮಾಡಿ ಪ್ಯಾಲೆಟ್‌ಗೆ ಹಾಕ್ಕೋಬೇಕು. ಕೆ ಒತ್ತಿದರೆ ಗಾಢ, ಎಲ್ ಒತ್ತಿದರೆ ತಿಳಿ ಆಗುತ್ತೆ, ಅದು ಸರಿ. ಆದರೆ ಹಾಗೆ ಮಾಡಿದ ನೆರಳು ಮಸಿ ಬಳಿದಂಗಿದೆ. ನಮ್ಮ ದುರ್ಗದ ಬಂಡೆ ನೆರಳಲ್ಲೂ ಹಂಗಿರಲ್ಲ, ನೋಡಿದವರಿಗೆ ಗೊತ್ತು.

ಎಚ್‌ಎಸ್‌ವಿ (ವರ್ಣ, ತೀವ್ರತೆ, ಹೊಳಪು) ಸ್ಲೈಡರ್ ನಂಬಿಯೂ ಕೆಟ್ಟೆ. ಅಚ್ಚ ಹಳದಿ, ಅಚ್ಚ ನೀಲಿ ಎರಡಕ್ಕೂ ವಿ, ಅಂದರೆ ಹೊಳಪು, 100 ಅನ್ನುತ್ತೆ. ಕಪ್ಪು-ಬಿಳುಪು ಮಾಡಿದರೆ ಹಳದಿ ಬೆಳ್ಳಗೆ, ನೀಲಿ ಕತ್ತಲೆ!

ಛಾಯೆಗಳ ಅಂತರ ಕಣ್ಣಿಗೆ ಸಮ ಕಾಣೋಕೆ ನೀವು ಏನು ಮಾಡ್ತೀರಿ? ನೆರಳನ್ನು ನೀಲಿ ಕಡೆಗೆ ಎಷ್ಟು ಜರುಗಿಸ್ತೀರಿ? ಒಂದು ಸ್ಕ್ರೀನ್‌ಶಾಟ್ ಹಾಕಿ, ಪುಣ್ಯ ಬರುತ್ತೆ.