ನೇಪಾಳದ ಪುಕ್ಕಟೆ ಕಣ್ಣಿನ ಆಪರೇಷನ್‌ಗೆ ಹೊರದೇಶದವರು ಯಾಕೆ ದುಡ್ಡು ಕೊಡುತ್ತಾರೆ?

ಮದ್ದೂರು ಹೈದ:
ನಮ್ಮ ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ. ಮುಂದಿನ ವಾರ ಊರಿನ ಶಾಲೆಯಲ್ಲಿ ಉಚಿತ ಕ್ಯಾಂಪ್ ಇದೆ. ಹೋಗೋಣ ಅಂದರೆ, "ಪುಕ್ಕಟೆ ಅಂದ್ರೆ ನಮ್ ಮೇಲೆ ಕೈ ಪಳಗಿಸ್ಕೊಳ್ತಾರೆ ಕಣ್ಲಾ" ಅನ್ನುತ್ತಾರೆ. ಧೈರ್ಯ ಬರಲಿ ಅಂತ ನೇಪಾಳದ ವಿಡಿಯೊ ತೋರಿಸಿದೆ. ಪಟ್ಟಿ ಬಿಚ್ಚಿದ ಕೂಡಲೇ ಮುದುಕಿಯೊಬ್ಬಳು ನಗುವುದು, ಮೊಮ್ಮಗನ ಮುಖ ಸವರುವುದು ಎಲ್ಲಾ ಇದೆ. ಆಸ್ಟ್ರೇಲಿಯಾದವರ ನೆರವು ಅಂದದ್ದಕ್ಕೆ, "ಅವ್ರಿಗೇನ್ಲಾ ಲಾಭ?" ಅಂದರು. ನನಗೂ ಉತ್ತರ ಹೊಳೆಯಲಿಲ್ಲ.

ಮೈಸೂರಿನವ:
ಫೋಟೊ, ಹೆಸರು, ಅಷ್ಟೇ. ವಾರ ಇದ್ದು ವಿಮಾನ ಹತ್ತುತ್ತಾರೆ. ಆಮೇಲೆ ಕಣ್ಣು ಕೆಂಪಾದರೆ ಯಾರನ್ನು ಕೇಳುವುದು?

ಹಳೇ ನೇತ್ರ ಸಹಾಯಕ, ಮಂಡ್ಯ:
ಕೊನೆಯ ಪ್ರಶ್ನೆ ಸರಿಯಾಗಿದೆ, ಆದರೆ ನೇಪಾಳಕ್ಕೆ ಅದು ಹೊಂದುವುದಿಲ್ಲ. ಅಲ್ಲಿ ಈ ಕೆಲಸಕ್ಕೆ ಹೆಸರಾದ ಡಾ. ಸಂದುಕ್ ರುಯಿತ್ ಆ ದೇಶದವರೇ. ವೈದ್ಯಕೀಯ ಓದಿದ್ದು ನಮ್ಮ ಲಖನೌ, ದೆಹಲಿಯಲ್ಲಿ. ಆಸ್ಟ್ರೇಲಿಯಾದ ಡಾ. ಫ್ರೆಡ್ ಹಾಲೋಸ್ ಅವರ ಜೊತೆಗಾರರು. ಹಾಲೋಸ್ 1993ರಲ್ಲಿ ತೀರಿಕೊಂಡರು, ಆದರೂ ಕೆಲಸ ನಿಲ್ಲಲಿಲ್ಲ. ಯಾಕೆಂದರೆ ದುಡ್ಡು ಹೋಗಿದ್ದು, ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ಲೆನ್ಸನ್ನು ಕಠ್ಮಂಡುವಿನಲ್ಲೇ ಮಾಡುವ ಕಾರ್ಖಾನೆಗೆ, ಅಲ್ಲಿನವರ ತರಬೇತಿಗೆ. ಮಧುರೈಯ ಅರವಿಂದ್ ಆಸ್ಪತ್ರೆಯವರೂ 1992ರಲ್ಲಿ ಅರೋಲ್ಯಾಬ್ ಅನ್ನೋ ಲೆನ್ಸ್ ಕಾರ್ಖಾನೆ ಶುರು ಮಾಡಿದಾಗ ಅಮೆರಿಕದ ಸೇವಾ ಫೌಂಡೇಶನ್ ಕೈಜೋಡಿಸಿತ್ತು. ಹೊರಗಿಂದ ತರಿಸಿದರೆ ನೂರು ಡಾಲರಿಗೂ ಜಾಸ್ತಿ ಬೀಳುತ್ತಿದ್ದ ಲೆನ್ಸು ಹತ್ತು ಡಾಲರ್ ಆಸುಪಾಸಿಗೆ ಬಂತು. ನೆರವು ಅಂದರೆ ನನ್ನ ಲೆಕ್ಕದಲ್ಲಿ ಇದು. ಬಂದು ಕತ್ತರಿಸಿ ಹೋಗುವುದಲ್ಲ.

ಲೆನ್ಸ್ ಇಲ್ಲದ ಕಾಲವನ್ನು ನಾನು ನೋಡಿದ್ದೇನೆ. ಪೊರೆ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಅದರಲ್ಲಿ ಎಲ್ಲಾ ದೊಡ್ಡದಾಗಿ, ಹತ್ತಿರವಿದ್ದಂತೆ ಕಾಣುತ್ತದೆ. ಹೊಸ್ತಿಲು ಇನ್ನೂ ಎರಡು ಹೆಜ್ಜೆ ಇರುವಾಗಲೇ ಕಾಲೆತ್ತಿ ಮುಗ್ಗರಿಸುತ್ತಿದ್ದರು ಪಾಪ. ಕನ್ನಡಕ ಒಡೆದರೆ ಮತ್ತೆ ಗೋಡೆ ತಡವಿಕೊಂಡೇ ಓಡಾಟ.

ಇನ್ನು ಪುಕ್ಕಟೆ ಕ್ಯಾಂಪ್ ಹೊರಗಿನವರು ಬಂದು ಕಲಿಸಿದ್ದೇನೂ ಅಲ್ಲ. ದಾವಣಗೆರೆಯ ಡಾ. ಎಂ.ಸಿ. ಮೋದಿ ಊರೂರು ಸುತ್ತಿ ಮಾಡಿದವರು. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮವೇ 1976ರಿಂದ ಇದೆ.

ಅಜ್ಜಿಯ ಅನುಮಾನ ಸುಮ್ನೆ ತಳ್ಳಿಹಾಕಬೇಡಿ. ಕಲಿಯುವ ಡಾಕ್ಟರು ಇರುತ್ತಾರೆ, ಪಕ್ಕದಲ್ಲಿ ಹಿರಿಯರು ಇರಬೇಕು. ಆಪರೇಷನ್ ಯಾರು ಮಾಡುತ್ತಾರೆ ಅಂತ ಕೇಳಿ. ಶಾಲೆಯಲ್ಲಿ ಬರೀ ತಪಾಸಣೆ ಆಗಲಿ, ಆಪರೇಷನ್ ಆಸ್ಪತ್ರೆಯ ಥಿಯೇಟರಿನಲ್ಲೇ ಆಗಬೇಕು. ಬಿಪಿ, ಶುಗರ್ ನೋಡಿರಬೇಕು. ಕಣ್ಣೀರಿನ ನಾಳಕ್ಕೆ ಉಪ್ಪುನೀರು ಬಿಟ್ಟು ನೋಡುವುದೂ ಉಂಟು. ನೀರು ಗಂಟಲಿಗೆ ಇಳಿದರೆ ದಾರಿ ಸರಿ ಇದೆ ಅಂತ. ಕೀವು ವಾಪಸ್ ಬಂದರೆ ಮೊದಲು ಅದು ವಾಸಿಯಾಗಬೇಕು. ಮಾರನೇ ದಿನ ಯಾರು ನೋಡುತ್ತಾರೆ, ರಾತ್ರಿ ನೋವು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಬರೆಸಿಕೊಂಡೇ ಬನ್ನಿ.

ಮದ್ದೂರು ಹೈದ:
ಅಜ್ಜಿಗೆ ಓದಿ ಹೇಳಿದೆ ಸಾರ್. ಆಸ್ಟ್ರೇಲಿಯಾದವರ ಮೇಲಿನ ಅನುಮಾನ ಹೋಯಿತು. ಈಗ, "ಕಣ್ಣಿಗೆ ಉಪ್ಪುನೀರು ಬಿಟ್ರೆ ಉರಿಯಲ್ವಾ?" ಅಂತ ಶುರು.

ಹಳೇ ನೇತ್ರ ಸಹಾಯಕ, ಮಂಡ್ಯ:
ಮೊದಲು ಮರಗಟ್ಟುವ ಹನಿ ಹಾಕುತ್ತಾರೆ, ಉರಿಯಲ್ಲ. ಗಂಟಲಲ್ಲಿ ಉಪ್ಪುಪ್ಪು ಅನ್ನಿಸುತ್ತೆ, ಅಷ್ಟೇ. ಹೋಗುವಾಗ ಅಜ್ಜಿ ನುಂಗುವ ಮಾತ್ರೆಗಳ ಚೀಟಿ ಮರೆಯಬೇಡಿ.