ರೆಪಲ್‌ನಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಬೀಳುತ್ತದೆ: ಕ್ವಿಕ್‌ಲಿಸ್ಪ್ ಸರಿಯಾಗಿ ಹಾಕುವುದು ಹೇಗೆ?

ಹೊಸ_ಕಾನ್ಸ್: ಕಾಮನ್ ಲಿಸ್ಪ್ ಭಾಷೆ ಹಿಡಿದು ಎರಡು ತಿಂಗಳಾಯಿತು. ಅದರ ಕಂಪೈಲರ್ ಎಸ್‌ಬಿಸಿಎಲ್ ಇದೆ, ಲೈಬ್ರರಿ ಇಳಿಸಿಕೊಡುವ ಕ್ವಿಕ್‌ಲಿಸ್ಪ್ ಹಾಕಿದ್ದೇನೆ. ಡೆಕ್ಸಡಾರ್ ಲೈಬ್ರರಿ ಬಳಸಿ ಒಂದು ವೆಬ್ ಪುಟ ತರುವ 40 ಸಾಲಿನ ಸ್ಕ್ರಿಪ್ಟ್ ಬರೆದೆ. ರೆಪಲ್‌ನಲ್ಲಿ (ನಾನೇ ಟೈಪ್ ಮಾಡಿ ಓಡಿಸುವ ಕಡೆ) ಚೆನ್ನಾಗಿ ಓಡುತ್ತದೆ. ಅದನ್ನೇ ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕ್ರಾನ್‌ಗೆ ಹಾಕಿ `ಎಸ್‌ಬಿಸಿಎಲ್ --ಸ್ಕ್ರಿಪ್ಟ್` ಅಂತ ಓಡಿಸಿದರೆ, ಕ್ವಿಕ್‌ಲಿಸ್ಪ್‌ನ ಕ್ಯೂಎಲ್ ಅನ್ನುವ ಪ್ಯಾಕೇಜೇ ಇಲ್ಲ ಅನ್ನುತ್ತದೆ. ಅದೇ ಮೆಷಿನ್, ಅದೇ ಯೂಸರ್. ನಾಲ್ಕು ಸಲ ಅಳಿಸಿ ಮತ್ತೆ ಹಾಕಿದೆ. ಏನು ಬಿಟ್ಟಿದ್ದೇನೆ?

ನಿಲ್‌ರಾಯ: ಐದು ನಿಮಿಷದ ಕೆಲಸ ಇದು. ಫೈಲ್ ಇಳಿಸಿ, ಲೋಡ್ ಮಾಡಿ, ಇನ್‌ಸ್ಟಾಲ್ ಅನ್ನಿ, ಕೊನೆಗೆ `ಆಡ್-ಟು-ಇನಿಟ್-ಫೈಲ್` (ಎಸ್‌ಬಿಸಿಎಲ್ ಶುರುವಾದಾಗ ಕ್ವಿಕ್‌ಲಿಸ್ಪ್ ತಾನೇ ಲೋಡ್ ಆಗಲಿ ಅಂತ). ನೀವು ಕೊನೆಯದನ್ನು ಮರೆತಿರುತ್ತೀರಿ. 2010ರಿಂದ ಇದೇ ನಾಲ್ಕು ಹೆಜ್ಜೆ, ಒಂದೂ ಬದಲಾಗಿಲ್ಲ.

ಸುಮ್ನೆ_ಕಂಪೈಲ್: "ಐದು ನಿಮಿಷ" ಅಂತೆ! ನಮ್ಮ ಆಫೀಸಿನಲ್ಲಿ ಎರಡು ದಿನ ಹಿಡಿಯಿತು. ಗೂಢಲಿಪಿ ಇಲ್ಲದ ಬರೀ ಎಚ್‌ಟಿಟಿಪಿ ಹೊರಗೆ ಹೋಗಲು ಬಿಡುವುದಿಲ್ಲ. ಮೊದಲ ಫೈಲ್ ಎಚ್‌ಟಿಟಿಪಿಎಸ್‌ನಲ್ಲಿ ಬಂತು, ಆಮೇಲೆ ಲೈಬ್ರರಿ ಕೇಳಿದರೆ ಸುಮ್ನೆ ನಿಂತಿತು. ಯಾಕೆಂದರೆ ಕ್ವಿಕ್‌ಲಿಸ್ಪ್‌ಗೆ ಎಚ್‌ಟಿಟಿಪಿಎಸ್ ಬರುವುದೇ ಇಲ್ಲ.

ನಿಲ್‌ರಾಯ: "ಆಫೀಸಿನಲ್ಲಿ" ಅಂದಿರಲ್ಲ, ಉತ್ತರ ಅಲ್ಲೇ ಇದೆ. ಇನ್‌ಸ್ಟಾಲ್ ಮಾಡುವಾಗಲೇ `:ಪ್ರಾಕ್ಸಿ` (ನಡುವೆ ನಿಂತು ತಂದುಕೊಡುವ ಸರ್ವರ್) ಕೊಡಬಹುದು. ಕೈಪಿಡಿ ಓದಿ.

ಲ್ಯಾಂಬ್ಡಾ_ಅಜ್ಜ: ಇದೆಲ್ಲ ಬೇಕಾ? ಮನೆ ಡೈರೆಕ್ಟರಿಯಲ್ಲಿ `ಕಾಮನ್-ಲಿಸ್ಪ್` ಅಂತ ಒಂದು ಫೋಲ್ಡರ್ ಮಾಡಿ, ಬೇಕಾದ್ದನ್ನು ಗಿಟ್‌ನಿಂದ ಅದರೊಳಗೆ ತಂದು ಹಾಕಿ. ಲೈಬ್ರರಿ ಲೋಡ್ ಮಾಡುವ ಎಎಸ್‌ಡಿಎಫ್ ತಾನೇ ಹುಡುಕಿಕೊಳ್ಳುತ್ತದೆ. ಎಸ್‌ಬಿಸಿಎಲ್ ಜೊತೆಗೇ ಬರುತ್ತದೆ ಅದು.

ನಿಲ್‌ರಾಯ: "ಬೇಕಾದ್ದನ್ನು" ಅಂದರೆ ಎಷ್ಟು ಅಜ್ಜ? ಡೆಕ್ಸಡಾರ್ ಒಂದೇ ಬರುವುದಿಲ್ಲ. ಫಾಸ್ಟ್-ಎಚ್‌ಟಿಟಿಪಿ, ಕ್ವಿರಿ, ಬೇಬಲ್, ಚುಂಗಾ, ಯೂಸಾಕೆಟ್, ಸಿಎಲ್+ಎಸ್‌ಎಸ್‌ಎಲ್, ಮದುವೆ ದಿಬ್ಬಣದ ಹಾಗೆ. ಒಂದೊಂದನ್ನೂ ಕೈಯಲ್ಲಿ ಇಳಿಸುತ್ತಾ ಕೂರುತ್ತೀರಾ?

ಕಾರ್_ಕುಡರ್: ಪ್ರಶ್ನೆ ಕೇಳಿದವರಿಗೆ: `--ಸ್ಕ್ರಿಪ್ಟ್` ಕೊಟ್ಟರೆ ಎಸ್‌ಬಿಸಿಎಲ್ ನಿಮ್ಮ ಶುರುವಿನ ಫೈಲ್ `.ಎಸ್‌ಬಿಸಿಎಲ್‌ಆರ್‌ಸಿ` ಓದುವುದೇ ಇಲ್ಲ. `--ನೋ-ಯೂಸರ್‌ಇನಿಟ್` ಅದರೊಳಗೇ ಸೇರಿದೆ. ಕ್ವಿಕ್‌ಲಿಸ್ಪ್ ಲೋಡ್ ಆಗುವುದು ಆ ಫೈಲ್‌ನಿಂದ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಕ್ವಿಕ್‌ಲಿಸ್ಪ್ ಫೋಲ್ಡರ್‌ನ `ಸೆಟಪ್.ಲಿಸ್ಪ್` ಅನ್ನು ನೀವೇ ಲೋಡ್ ಮಾಡಿ. ಅಥವಾ `--ಸ್ಕ್ರಿಪ್ಟ್` ಬಿಟ್ಟು `--ನಾನ್-ಇಂಟರಾಕ್ಟಿವ್ --ಲೋಡ್` ಬಳಸಿ. ಇನ್‌ಸ್ಟಾಲ್‌ನಲ್ಲಿ ತಪ್ಪಿಲ್ಲ.

ಸುಮ್ನೆ_ಕಂಪೈಲ್: ಪ್ರಾಕ್ಸಿ ಕೊಟ್ಟರೆ ಎಚ್‌ಟಿಟಿಪಿ ಎಚ್‌ಟಿಟಿಪಿಎಸ್ ಆಗಿಬಿಡುತ್ತದಾ? ದಾರಿಯಲ್ಲಿ ಯಾರಾದರೂ ಕೋಡ್ ಬದಲಿಸಿದರೆ ನನಗೆ ಹೇಗೆ ಗೊತ್ತಾಗಬೇಕು? ಇಳಿದದ್ದು ಸೀದಾ ನನ್ನ ಮೆಷಿನ್‌ನಲ್ಲಿ ಕಂಪೈಲ್ ಆಗಿ ಓಡುತ್ತದೆ.

ನಿಲ್‌ರಾಯ: ಕ್ವಿಕ್‌ಲಿಸ್ಪ್ ಫೈಲ್‌ಗೆ ಪಿಜಿಪಿ ಸಹಿ (ಫೈಲ್ ಯಾರೂ ಬದಲಿಸಿಲ್ಲ ಅನ್ನುವ ಗುರುತು) ಇದೆ. ಮುಖಪುಟದಲ್ಲೇ ಬರೆದಿದ್ದಾರೆ. ಯಾವತ್ತಾದರೂ ಪರೀಕ್ಷಿಸಿದ್ದೀರಾ?

ಸುಮ್ನೆ_ಕಂಪೈಲ್: ಪರೀಕ್ಷಿಸಿದ್ದೇನೆ. ಆ ಸಹಿ ಮೊದಲ ಫೈಲ್‌ಗೆ. ಅದು ಬಾಗಿಲ ಬೀಗ. ಆಮೇಲೆ ಹಿತ್ತಲಿನಿಂದ ಬರುವ ನೂರು ಲೈಬ್ರರಿಗೆ?

ನಿಲ್‌ರಾಯ: ಡೆಬಿಯನ್ ಲಿನಕ್ಸ್‌ನ ಆಪ್ಟ್ ಕೂಡ ವರ್ಷಗಟ್ಟಲೆ ಎಚ್‌ಟಿಟಿಪಿಯಲ್ಲೇ ಪ್ಯಾಕೇಜ್ ಕೊಟ್ಟಿದೆ. ಯಾರ ಮನೆ ಮುಳುಗಿತು?

ಸುಮ್ನೆ_ಕಂಪೈಲ್: ಆಪ್ಟ್ ಸಹಿ ನೋಡುತ್ತದೆ ಸ್ವಾಮಿ! ರಿಲೀಸ್ ಫೈಲ್‌ಗೆ ಸಹಿ, ಅದರೊಳಗೆ ಹ್ಯಾಶ್ (ಫೈಲಿನ ಬೆರಳಚ್ಚು), ಆ ಹ್ಯಾಶ್‌ನಿಂದ ಪ್ಯಾಕೇಜ್‌ವರೆಗೆ ಸರಪಳಿ. ಅರ್ಧ ಗೊತ್ತಿದ್ದವರ ಜೊತೆ ವಾದ ಮಾಡುವುದೇ ಕಷ್ಟ.

ಲ್ಯಾಂಬ್ಡಾ_ಅಜ್ಜ: ಸಹಿ ಅಂದಿರಿ, ನೆನಪಾಯಿತು. ಕ್ವಿಕ್‌ಲಿಸ್ಪ್‌ಗಿಂತ ಮೊದಲು ಎಎಸ್‌ಡಿಎಫ್-ಇನ್‌ಸ್ಟಾಲ್ ಇತ್ತು. ಅದು ಪ್ರತಿ ಪ್ಯಾಕೇಜಿನ ಜಿಪಿಜಿ ಸಹಿ ನೋಡುತ್ತಿತ್ತು. ಹೊಸದು ಬಂತು, ಇದ್ದದ್ದೂ ಹೋಯಿತು.

ನಿಲ್‌ರಾಯ: "ನೋಡುತ್ತಿತ್ತು", ಹೌದು. ಕೀ ಸಿಗಲಿಲ್ಲ ಅಂತ ಡಿಬಗರ್ ತೆರೆಯುತ್ತಿತ್ತು. ಅದರಲ್ಲಿ ಜಿಪಿಜಿ ತಪಾಸಣೆ ಬಿಟ್ಟುಬಿಡುವ ರೀಸ್ಟಾರ್ಟ್ ಅನ್ನುವ ಆಯ್ಕೆ ಇತ್ತು. ನೀವೂ ಅದನ್ನೇ ಒತ್ತಿದ್ದೀರಿ, ಅಲ್ವಾ?

ಲ್ಯಾಂಬ್ಡಾ_ಅಜ್ಜ: ಒಂದೆರಡು ಸಲ.

ನಿಲ್‌ರಾಯ: ಇನ್ನು ಎಚ್‌ಟಿಟಿಪಿಎಸ್ ಯಾಕಿಲ್ಲ ಅನ್ನುವುದು. ಕ್ವಿಕ್‌ಲಿಸ್ಪ್ ಎಸ್‌ಬಿಸಿಎಲ್‌ಗೆ ಮಾತ್ರ ಅಲ್ಲ. ಕ್ಲೋಜರ್ ಸಿಎಲ್, ಇಸಿಎಲ್, ಕ್ಲಿಸ್ಪ್, ಜಾವಾ ಮೇಲಿನ ಎಬಿಸಿಎಲ್, ಎಲ್ಲದರಲ್ಲೂ ಓಡಬೇಕು. ಲಿಸ್ಪ್‌ನ 1994ರ ಆನ್ಸಿ ಸ್ಟ್ಯಾಂಡರ್ಡ್‌ನಲ್ಲಿ ನೆಟ್‌ವರ್ಕ್‌ಗೆ ಬೇಕಾದ ಸಾಕೆಟ್ಟೇ ಇಲ್ಲ, ಎಚ್‌ಟಿಟಿಪಿಎಸ್‌ನ ಗೂಢಲಿಪಿ ಟಿಎಲ್‌ಎಸ್ ಎಲ್ಲಿಂದ ಬರಬೇಕು? ಟಿಎಲ್‌ಎಸ್ ಬೇಕಾದರೆ ಸಿಎಲ್+ಎಸ್‌ಎಸ್‌ಎಲ್ ಬೇಕು. ಅದನ್ನು ಇಳಿಸಲು ಕ್ವಿಕ್‌ಲಿಸ್ಪ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ಸುಮ್ನೆ_ಕಂಪೈಲ್: ಗಾದೆ ಹೇಳಿದರೆ ಪೋರ್ಟ್ ತೆರೆಯುವುದಿಲ್ಲ. ಲೈಬ್ರರಿ ತರುವ ಇನ್ನೊಂದು ಟೂಲ್ ಕ್ಯೂಲಾಟ್ ಎಚ್‌ಟಿಟಿಪಿಎಸ್‌ನಲ್ಲೇ ತರುತ್ತದೆ. ಪ್ರಾಜೆಕ್ಟ್‌ಗೆ ಒಂದು `ಕ್ಯೂಎಲ್‌ಫೈಲ್`, ಆವೃತ್ತಿ ಹಿಡಿದಿಡಲು ಒಂದು ಲಾಕ್ ಫೈಲ್. ಬರೆದದ್ದು ಎಯಿತಾರೊ ಫುಕಾಮಾಚಿ, ಡೆಕ್ಸಡಾರ್ ಬರೆದವರೇ. ಅವರಿಗೆ ಆಗಿದ್ದು ಕ್ವಿಕ್‌ಲಿಸ್ಪ್‌ನವರಿಗೆ ಯಾಕೆ ಆಗುವುದಿಲ್ಲ?

ನಿಲ್‌ರಾಯ: "ಆವೃತ್ತಿ ಹಿಡಿದಿಡಲು" ಇನ್ನೊಂದು ಟೂಲ್ ಬೇಕಿಲ್ಲ. ಕ್ವಿಕ್‌ಲಿಸ್ಪ್‌ನಲ್ಲಿ ತಿಂಗಳಿಗೊಂದು ಡಿಸ್ಟ್ (ಲೈಬ್ರರಿಗಳ ಕಟ್ಟು) ಬರುತ್ತದೆ, ಎಲ್ಲ ಲೈಬ್ರರಿಯೂ ಒಟ್ಟಿಗೆ ಬಿಲ್ಡ್ ಆದ ಮೇಲೆ. ಬೇಕಾದ ತಾರೀಖಿನ ಡಿಸ್ಟ್‌ಗೆ ಹಿಂದೆ ಹೋಗಿ.

ಸುಮ್ನೆ_ಕಂಪೈಲ್: ತಿಂಗಳಿಗೊಂದು?! 2023ರ ಅಕ್ಟೋಬರ್ ಡಿಸ್ಟ್ ಆದ ಮೇಲೆ ಮುಂದಿನದು 2024ರ ಅಕ್ಟೋಬರ್‌ನಲ್ಲಿ. ನಿಮ್ಮ ಕ್ಯಾಲೆಂಡರ್‌ನಲ್ಲಿ ತಿಂಗಳಿಗೆ ಎಷ್ಟು ದಿನ?

ನಿಲ್‌ರಾಯ: ಒಬ್ಬ ಮನುಷ್ಯ, ಜಾಕ್ ಬೀನ್, ಇಷ್ಟು ವರ್ಷ ಹೊತ್ತಿದ್ದಾರೆ. ಸಾವಿರಕ್ಕಿಂತ ಜಾಸ್ತಿ ಪ್ರಾಜೆಕ್ಟ್. ಬೈಯುವ ಮೊದಲು ಒಂದು ಪ್ಯಾಚ್ ಕಳಿಸಿ.

ಸುಮ್ನೆ_ಕಂಪೈಲ್: ನಾನು ಮನುಷ್ಯನನ್ನು ಬೈದಿಲ್ಲ, ಎಚ್‌ಟಿಟಿಪಿಯ ಪೋರ್ಟ್ 80ನ್ನು ಬೈದೆ. 2010ರಿಂದ ಕ್ವಿಕ್‌ಲಿಸ್ಪ್ ವಿಳಾಸದಲ್ಲಿ "ಬೀಟಾ" ಅಂತಲೇ ಇದೆ. ಅದನ್ನಾದರೂ ಒಪ್ಪುತ್ತೀರಾ?

ನಿಲ್‌ರಾಯ: ಬೀಟಾ ಅನ್ನುವುದು ವಿನಯ.

ಹೊಸ_ಕಾನ್ಸ್: ಕಾರ್_ಕುಡರ್ ಅವರೇ, `ಸೆಟಪ್.ಲಿಸ್ಪ್` ಸಾಲು ಹಾಕಿದೆ, ಕ್ರಾನ್ ಓಡಿತು. ಥ್ಯಾಂಕ್ಸ್. (ಮಿಕ್ಕವರದ್ದೂ ಓದಿದೆ, ಅರ್ಧ ಅರ್ಥವಾಯಿತು.) ಈಗ ಅದನ್ನೇ ಡೆಬಿಯನ್ ಸ್ಲಿಮ್ (ತೀರಾ ಬೇಕಾದಷ್ಟೇ ಇರುವ ಡೆಬಿಯನ್) ಕಂಟೇನರ್‌ಗೆ ಹಾಕಿದೆ. ಇನ್ನೊಂದು ತಕರಾರು: ಲಿಬ್‌ಎಸ್‌ಎಸ್‌ಎಲ್ ಲೋಡ್ ಮಾಡಲು ಆಗುತ್ತಿಲ್ಲ. ಲೈಬ್ರರಿ ಎಲ್ಲ ಸರಿಯಾಗಿ ಇಳಿದಿದೆ.

ನಿಲ್‌ರಾಯ: ನೋಡಿ! ಇದೇ ನಾನು ಹೇಳಿದ್ದು. ಟಿಎಲ್‌ಎಸ್ ಬೇಕು ಅಂತ ಕುಣಿದವರಿಗೆ ಟಿಎಲ್‌ಎಸ್ ಸಿಕ್ಕಿದೆ. ಕ್ವಿಕ್‌ಲಿಸ್ಪ್ ಇದನ್ನೇ ನಂಬಿಕೊಂಡಿದ್ದರೆ ಇವರ ಕಂಟೇನರ್‌ನಲ್ಲಿ ಒಂದು ಲೈಬ್ರರಿಯೂ ಇಳಿಯುತ್ತಿರಲಿಲ್ಲ.

ಸುಮ್ನೆ_ಕಂಪೈಲ್: ಅದಕ್ಕೇ ಕ್ಯೂಲಾಟ್‌ನ ಲಾಕ್ ಫೈಲ್ ಅಂದದ್ದು.

ಕಾರ್_ಕುಡರ್: ಲಾಕ್ ಫೈಲ್‌ಗೆ ಇದು ಗೊತ್ತಿರುವುದಿಲ್ಲ. ಸಿಎಲ್+ಎಸ್‌ಎಸ್‌ಎಲ್ ಬರೀ ಲಿಸ್ಪ್ ಅಲ್ಲ, ಸಿ ಕೋಡ್ ಕರೆಯುವ ಸಿಎಫ್‌ಎಫ್‌ಐ ಮೂಲಕ ಸಿಸ್ಟಂನ ಓಪನ್‌ಎಸ್‌ಎಸ್‌ಎಲ್ (ಲಿಬ್‌ಎಸ್‌ಎಸ್‌ಎಲ್ ಅದರದ್ದೇ) ಹುಡುಕುತ್ತದೆ. ಸಿ ಲೈಬ್ರರಿಯನ್ನು ಕ್ವಿಕ್‌ಲಿಸ್ಪೂ ತರುವುದಿಲ್ಲ, ಕ್ಯೂಲಾಟೂ ತರುವುದಿಲ್ಲ, ಅಜ್ಜನ ಫೋಲ್ಡರೂ ತರುವುದಿಲ್ಲ. ಡಾಕರ್‌ಫೈಲ್‌ನಲ್ಲಿ `ಆಪ್ಟ್-ಗೆಟ್ ಇನ್‌ಸ್ಟಾಲ್ ಲಿಬ್‌ಎಸ್‌ಎಸ್‌ಎಲ್-ಡೆವ್` ಸೇರಿಸಿ. ಲೈಬ್ರರಿ ಲೋಡ್ ಮಾಡುವ ಕ್ವಿಕ್‌ಲೋಡ್ ಸಾಲಿಗಿಂತ ಮೇಲೆ.

ಲ್ಯಾಂಬ್ಡಾ_ಅಜ್ಜ: ನನ್ನ ಫೋಲ್ಡರ್ ಸುದ್ದಿ ಯಾಕೆ ಬಂತು?